ಗತದಿನ, ವರ್ತಮಾನದಿನ

ಹಾಸನದ ಅಧಿದೇವತೆಯಾದ ಹಾಸನಾಂಬೆಯ ಗರ್ಭಗುಡಿಯ ಬಾಗಿಲು ಸಂವತ್ಸರಕ್ಕೊಮ್ಮೆ ಮಾತ್ರ, ಆಶ್ವಯುಜದ ಹುಣ್ಣಿಮೆ ಕಳೆದು ಬರುವ ಗುರುವಾರದಂದು, ಅರಸು ಮನೆತನದವರು ಬಾಳೆಯನ್ನು ಕಡಿದ ಮೇಲೆ ತೆರೆಯುವುದು ವಾಡಿಕೆಯೆಂಬುದೂ, ಬಲಿಪಾಡ್ಯಮಿಯ ಮರುದಿನ ಮುಚ್ಚುತ್ತದೆಂಬುದೂ ಈ ಸೀಮೆಯ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಇಂಥ ವರ್ಷ ಆ ಬಾಗಿಲು ಎಷ್ಟು ದಿನ ತೆರೆದಿತ್ತೆಂದು ವಿಚಾರಿಸಿದರೆ ಮೂರು ಬೇರೆ ಬೇರೆ ಉತ್ತರಗಳು ದೊರೆಯುವುದುಂಟು. ಆ ಮೂರರಲ್ಲಿ ಯಾವುದನ್ನೂ ಸುಳ್ಳೆನ್ನುವಂತಿಲ್ಲ. 2024ರಲ್ಲಿ ಅಕ್ಟೋಬರ್ 24ರಂದು ಬಾಗಿಲು ತೆರೆದು ನವೆಂಬರ್ 3ರಂದು ಮುಚ್ಚಿತು. ಎಕ್ಸೆಲ್ ಹಾಳೆಯ ಒಂದು ಮನೆಯಲ್ಲಿ ಮೊದಲನೆಯ ದಿನಾಂಕವನ್ನೂ ಪಕ್ಕದ ಮನೆಯಲ್ಲಿ ಎರಡನೆಯದನ್ನೂ ಬರೆದು, ಎರಡನೆಯದರಿಂದ ಮೊದಲನೆಯದನ್ನು ಕಳೆಯೆಂದು ಆಜ್ಞಾಪಿಸಿದರೆ ಯಂತ್ರವು 10 ಎನ್ನುತ್ತದೆ. ಆ ವರ್ಷದ ಪತ್ರಿಕೆಗಳು 11 ದಿನವೆಂದು ಪ್ರಕಟಿಸಿದುವು. ಸಾಲಿನಲ್ಲಿ ನಿಂತು ದೇವಿಯನ್ನು ಕಂಡು ಬಂದ ಸಾಮಾನ್ಯ ಭಕ್ತನಾದರೋ, ತೆರೆದ ದಿನವೂ ಮುಚ್ಚಿದ ದಿನವೂ ಸಾರ್ವಜನಿಕ ದರ್ಶನವಿಲ್ಲವಾದುದರಿಂದ, 9 ದಿನವೆನ್ನುತ್ತಾನೆ. ಒಂದು ತುದಿಯನ್ನು ಬಿಟ್ಟವನಿಗೆ ಹತ್ತು, ಎರಡು ತುದಿಗಳನ್ನೂ ಹಿಡಿದವನಿಗೆ ಹನ್ನೊಂದು, ಎರಡನ್ನೂ ಬಿಟ್ಟವನಿಗೆ ಒಂಬತ್ತು. ಈ ಮೂವರಲ್ಲಿ ಯಾರಿಗೂ ವ್ಯವಕಲನ ಬಾರದೆಂದಲ್ಲ. ಯಾವ ಪ್ರಯೋಜನಕ್ಕಾಗಿ ಎಣಿಸುತ್ತಿದ್ದೇವೆಂಬುದರಲ್ಲಿ ಮಾತ್ರ ಅವರು ಬೇರೆಯಾಗಿರುವರು.

ಅದೇ ಹಾಳೆಯಲ್ಲಿ ಒಂದು ವರ್ಷ ಬಾಗಿಲು ತೆರೆದ ದಿನದಿಂದ ಮುಂದಿನ ವರ್ಷ ತೆರೆದ ದಿನದವರೆಗಿನ ಅಂತರವನ್ನು ನೋಡಿದಾಗ ನನಗೆ ಒಂದು ಸೊಗಸು ಗೋಚರಿಸಿತು. 2022ರ ಅಕ್ಟೋಬರ್ 13ರಿಂದ 2023ರ ನವೆಂಬರ್ 2ಕ್ಕೆ 385 ದಿನ. ಅಲ್ಲಿಂದ 2024ರ ಅಕ್ಟೋಬರ್ 24ಕ್ಕೆ 357 ದಿನ. ಅಲ್ಲಿಂದ 2025ರ ಅಕ್ಟೋಬರ್ 9ಕ್ಕೆ 350 ದಿನ. ಏರುಪೇರಾಗಿ ಕಾಣುವ ಈ ಸಂಖ್ಯೆಗಳನ್ನು ಏಳರಿಂದ ಭಾಗಿಸಿದರೆ 55, 51, 50 ಎಂದು ಶೇಷವಿಲ್ಲದೆ ಬರುತ್ತವೆ. ಗುರುವಾರದಿಂದ ಗುರುವಾರಕ್ಕೆ ಪೂರ್ಣ ವಾರಗಳಲ್ಲದೆ ಬೇರೇನು ಇರಲು ಸಾಧ್ಯ? ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ, ಅದು 50 ವಾರಕ್ಕೂ 51 ವಾರಕ್ಕೂ ನಡುವೆ ಬೀಳುವುದರಿಂದ ಸಾಧಾರಣ ವರ್ಷಗಳಲ್ಲಿ ಈ ಎರಡರಲ್ಲೊಂದು ಒದಗುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿತಾಗಿ ಹದಿಮೂರು ಚಾಂದ್ರಮಾಸಗಳ 384 ದಿನಗಳಿಗೆ ಸಮೀಪವಾಗಿ 55 ವಾರಗಳಾದುವು. ಯಂತ್ರಕ್ಕೆ ಆಶ್ವಯುಜವೆಂದರೇನೆಂದು ತಿಳಿಯದು, ಹುಣ್ಣಿಮೆಯೂ ತಿಳಿಯದು. ಅವುಗಳನ್ನು ಪಂಚಾಂಗ ನೋಡಿ ನಾವೇ ತುಂಬಬೇಕು. ಆದರೆ ನಾವು ತುಂಬಿದುದರಲ್ಲಿ ಅಡಗಿದ್ದ ಕ್ರಮವನ್ನು ಅದು ಕ್ಷಣಾರ್ಧದಲ್ಲಿ ಬಯಲಿಗೆ ತಂದಿತು.

ಇದು ಹೇಗೆ ಸಾಧ್ಯವಾಯಿತೆಂಬುದು ವಿಚಾರಾರ್ಹ. ದಿನಾಂಕವೆಂದು ನಾವು ಕಾಣುವುದು ಯಂತ್ರಕ್ಕೆ ದಿನಾಂಕವೇ ಅಲ್ಲ. ಅದು 1900ನೆಯ ಇಸವಿಯ ಜನವರಿ 1ನ್ನು ಒಂದೆಂದು ಹಿಡಿದು, ಅಲ್ಲಿಂದ ದಿನಕ್ಕೊಂದರಂತೆ ಏರಿಸುತ್ತ ಬಂದ ಒಂದು ಸಂಖ್ಯೆ. ತಿಂಗಳು, ವರ್ಷ, ವಾರ ಎಂಬುವೆಲ್ಲ ಆ ಸಂಖ್ಯೆಗೆ ತೊಡಿಸಿದ ಉಡುಪು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಜನಿಸಿದ ಎಚ್. ಡಿ. ದೇವೇಗೌಡರು ಪ್ರಧಾನಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದ 1996ರ ಜೂನ್ 1 ಯಂತ್ರದ ಅಂತರಂಗದಲ್ಲಿ 35217. ಅವರ ತರುವಾಯ ಐ. ಕೆ. ಗುಜ್ರಾಲರು ಅಧಿಕಾರ ವಹಿಸಿದ 1997ರ ಏಪ್ರಿಲ್ 21 ಎಂಬುದು 35541. ಇವೆರಡರ ವ್ಯತ್ಯಾಸವಾದ 324 ದಿನಗಳನ್ನೇ ದೇವೇಗೌಡರ ಅಧಿಕಾರಾವಧಿಯೆಂದು ಗ್ರಂಥಗಳು ಹೇಳುತ್ತವೆ. ಎರಡು ತುದಿಗಳನ್ನೂ ಸೇರಿಸಿ 325 ಎಂದರೆ ಏಪ್ರಿಲ್ 21 ಎಂಬ ಒಂದೇ ದಿನ ಇಬ್ಬರ ಲೆಕ್ಕಕ್ಕೂ ಸಂದು, ಪ್ರಧಾನಿಗಳ ಅವಧಿಗಳನ್ನೆಲ್ಲ ಕೂಡಿಸಿದಾಗ ದೇಶಕ್ಕೆ ಇಲ್ಲದ ದಿನಗಳು ಹುಟ್ಟಿಕೊಳ್ಳುವುವು. ಆದುದರಿಂದ ಇಲ್ಲಿ ಒಂದು ತುದಿಯನ್ನು ಬಿಡುವುದೇ ನ್ಯಾಯ.

ಹೀಗೆ ಒಂದು ಆದಿದಿನವನ್ನು ನೆಟ್ಟು, ಅಲ್ಲಿಂದ ಕಳೆದ ದಿನಗಳ ರಾಶಿಯಿಂದಲೇ ಕಾಲವನ್ನು ಹೇಳುವ ಪದ್ಧತಿ ನಮ್ಮ ಜ್ಯೋತಿಷಿಗಳಿಗೆ ಅತಿ ಪುರಾತನವಾದುದು. ಅದಕ್ಕೆ ಅವರು ಅಹರ್ಗಣವೆಂದರು. ಕ್ರಿಸ್ತಪೂರ್ವ 3102ರ ಫೆಬ್ರವರಿ 18, ಶುಕ್ರವಾರ, ಕಲಿಯುಗದ ಆದಿ. ಆ ದಿನವನ್ನು ಸೊನ್ನೆಯಾಗಿಟ್ಟು ಗತಿಸಿದ ದಿನಗಳನ್ನು ಎಣಿಸುತ್ತ ಬಂದರೆ, ಹಾಸನಾಂಬೆಯ ಬಾಗಿಲು ತೆರೆದ 2025ರ ಅಕ್ಟೋಬರ್ 9ಕ್ಕೆ ಅಹರ್ಗಣವು 18,72,492 ಆಗುತ್ತದೆ. ಗಣಿತ ಸರಿಯಾಯಿತೇ ಎಂದು ಪರೀಕ್ಷಿಸುವ ಉಪಾಯವನ್ನೂ ಹಿರಿಯರೇ ಹೇಳಿಕೊಟ್ಟಿರುವರು: ಏಳರಿಂದ ಭಾಗಿಸಿ, ಶೇಷವನ್ನು ಶುಕ್ರವಾರದಿಂದ ಮುಂದಕ್ಕೆ ನಡೆಸು. ಶೇಷ 6, ಶುಕ್ರವಾರದಿಂದ ಆರು ಹೆಜ್ಜೆ ನಡೆದರೆ ಗುರುವಾರ. ಅದೇ ದಿನ ಎಕ್ಸೆಲ್ಲಿನ ಅಂತರಂಗದ ಸಂಖ್ಯೆ 45,939. ಒಂದರಿಂದ ಇನ್ನೊಂದನ್ನು ಕಳೆದರೆ 18,26,553 ಎಂಬ ಅಚಲಾಂಕ ಸಿಕ್ಕುತ್ತದೆ. ಇಂದಿನ ಯಾವ ದಿನಾಂಕದ ಸಂಖ್ಯೆಗಾಗಲಿ ಇದನ್ನು ಕೂಡಿಸಿದರೆ ಕಲಿಯ ಅಹರ್ಗಣ ಸಿದ್ಧ. ಅಧಿಕಮಾಸ, ಕ್ಷಯತಿಥಿಗಳನ್ನು ಕಳೆದು ಕೂಡಿ, ಹಲಗೆಯ ಮೇಲಿನ ಧೂಳಿನಲ್ಲಿ ಅಂಕಿಗಳನ್ನು ಬರೆದಳಿಸಿ ಗಣಕರು ಬೆವರಿಳಿಸಿ ಸಾಧಿಸುತ್ತಿದ್ದುದು ಒಂದು ಸಂಕಲನಕ್ಕೆ ಇಳಿದಿರುವುದನ್ನು ಕಂಡು ನನಗುಂಟಾದ ಸಂತೋಷ ಅಲ್ಪವಲ್ಲ. ಯಂತ್ರವನ್ನು ನಿರ್ಮಿಸಿದವರಿಗೆ ಆರ್ಯಭಟನ ಪರಂಪರೆ ಗೊತ್ತಿತ್ತೋ ಇಲ್ಲವೋ, ಕಾಲವನ್ನು ಕಳೆಯಬೇಕೆನ್ನುವವರು ಎಲ್ಲಿದ್ದರೂ ಕೊನೆಗೆ ಇದೇ ದಾರಿಗೆ ಬರಬೇಕಾಗುತ್ತದೆ.

ಒಂದು ಭೇದವನ್ನು ಮಾತ್ರ ಗಮನಿಸತಕ್ಕದ್ದು. ಅಹರ್ಗಣವು ಆದಿದಿನವನ್ನು ಸೊನ್ನೆಯೆನ್ನುತ್ತದೆ, ಎಕ್ಸೆಲ್ ಒಂದೆನ್ನುತ್ತದೆ. ಮೊದಲನೆಯದು ಕಳೆದುಹೋದ ದಿನಗಳ ಲೆಕ್ಕ. ಎರಡನೆಯದು ನಡೆಯುತ್ತಿರುವ ದಿನವನ್ನೂ ಸೇರಿಸಿಕೊಂಡ ಲೆಕ್ಕ. ಇದಲ್ಲದೆ ಯಂತ್ರದ ಲೆಕ್ಕದಲ್ಲಿ ಇಲ್ಲದ ಒಂದು ದಿನವೂ ಸೇರಿಕೊಂಡಿದೆ. ನಾನೂರರಿಂದ ಭಾಗವಾಗದ ಶತಮಾನವರ್ಷಕ್ಕೆ ಅಧಿಕದಿನವಿಲ್ಲವೆಂಬ ಗ್ರೆಗರಿ ಪಂಚಾಂಗದ ನಿಯಮಾನುಸಾರ 1900ರಲ್ಲಿ ಫೆಬ್ರವರಿ 29 ಇರಲಿಲ್ಲ. ಆದರೆ 1980ರ ದಶಕದಲ್ಲಿ ಪ್ರಚುರವಾಗಿದ್ದ ಲೋಟಸ್ ಎಂಬ ಹಾಳೆ ಅದನ್ನು ಇದ್ದುದಾಗಿ ಎಣಿಸುತ್ತಿದ್ದಿತು, ಅದರ ಕಡತಗಳನ್ನು ತಿದ್ದದೆ ಓದಬೇಕೆಂಬ ಉದ್ದೇಶದಿಂದ ಎಕ್ಸೆಲ್ ಕೂಡ ಆ ದಿನವನ್ನು ಬುದ್ಧಿಪೂರ್ವಕವಾಗಿಯೇ ಉಳಿಸಿಕೊಂಡಿತು. 1900ರ ಮಾರ್ಚ್ 1ರ ಈಚಿನ ಎರಡು ದಿನಾಂಕಗಳನ್ನು ಕಳೆಯುವವರಿಗೆ ಇದರಿಂದ ಬಾಧಕವಿಲ್ಲ, ಏಕೆಂದರೆ ಇಬ್ಬದಿಯಲ್ಲೂ ಒಂದೇ ಹೆಚ್ಚಳವಿದ್ದು ವ್ಯವಕಲನದಲ್ಲಿ ಅದು ಲಯವಾಗುತ್ತದೆ.

1900ಕ್ಕೆ ಹಿಂದಿನ ದಿನಾಂಕವನ್ನಾದರೋ ಎಕ್ಸೆಲ್ ಕಾಲವೆಂದೇ ಅಂಗೀಕರಿಸುವುದಿಲ್ಲ. ಅದನ್ನು ಬರಿಯ ಅಕ್ಷರಪಂಕ್ತಿಯೆಂದು ಎಡಗಡೆಗೆ ಸರಿಸಿಬಿಡುತ್ತದೆ. ಹಾಸನ ಜಿಲ್ಲೆಯಂಥ, ಕಲ್ಲುಕಲ್ಲಿನ ಮೇಲೂ ಶಕವರ್ಷವನ್ನು ಕೊರೆಸಿಟ್ಟುಕೊಂಡಿರುವ ನಾಡಿಗೆ ಇದು ದೊಡ್ಡ ಕೊರತೆಯೇ ಸರಿ. ಆದರೆ ಶಾಸನಗಳನ್ನು ಓದುವ ಪಂಡಿತರು ಎದುರಿಸುವ ತೊಡಕನ್ನು ನೋಡಿದರೆ, ನಮ್ಮ ಹಾಳೆಯ ಮುಂದೆ ಕುಳಿತ ಗುಮಾಸ್ತನ ತೊಡಕೂ ಅದೇ ಎಂಬುದು ಸ್ಪಷ್ಟವಾಗುತ್ತದೆ. ಶಾಸನದಲ್ಲಿ ಹೇಳಿದ ಶಕವರ್ಷ ಗತವೋ ವರ್ತಮಾನವೋ? ಗತವಾದರೆ ಅದಕ್ಕೆ 78 ಕೂಡಿಸಿ ಇಸವಿಯನ್ನು ಪಡೆಯಬೇಕು, ವರ್ತಮಾನವಾದರೆ 77. ಬರೆದವನು ಹಲವು ವೇಳೆ ಇದನ್ನು ಸ್ಪಷ್ಟಪಡಿಸಿರುವುದಿಲ್ಲ. ಸಂವತ್ಸರದ ಹೆಸರು, ತಿಥಿ, ವಾರ ಇವು ಮೂರನ್ನೂ ಹೊಂದಿಸಿ ನೋಡಿದ ಮೇಲೆಯೇ ನಿರ್ಣಯ. 1922ರಲ್ಲಿ ಮದರಾಸಿನಲ್ಲಿ ಸ್ವಾಮಿಕಣ್ಣು ಪಿಳ್ಳೆಯವರು ಪ್ರಕಟಿಸಿದ ಬೃಹತ್ ಪಂಚಾಂಗಕೋಷ್ಠಕಗಳು ಈ ಹೊಂದಾಣಿಕೆಗಾಗಿಯೇ ಹುಟ್ಟಿದುವು. ಆ ಸಂಪುಟಗಳ ಸಾಲುಸಾಲಾದ ಅಂಕಿಗಳನ್ನು ಕಂಡವರಿಗೆ ಅವು ವಿದ್ಯುತ್ತಿಲ್ಲದೆ ನಡೆಯುತ್ತಿದ್ದ ಲೆಕ್ಕದ ಹಾಳೆಗಳೆಂದೇ ತೋರುವುದು.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ಪ್ರತಿಷ್ಠೆ ಎಂದಾಯಿತೆಂಬ ಪ್ರಶ್ನೆ ಇದಕ್ಕೆ ಉತ್ತಮ ನಿದರ್ಶನ. ಬಾಹುಬಲಿ ಚರಿತೆಯು ಕಲ್ಕಿ ವರ್ಷ 600, ವಿಭವ ಸಂವತ್ಸರ, ಚೈತ್ರ ಶುಕ್ಲ ಪಂಚಮಿ, ಭಾನುವಾರ ಎಂದು ಹೇಳುತ್ತದೆ. ವಿಭವವನ್ನೇ ಹಿಡಿದು ನಡೆದರೆ 1028ಕ್ಕೆ ಬಂದು ನಿಲ್ಲಬೇಕಾಗುತ್ತದೆ. ಆದರೆ ಪ್ರತಿಷ್ಠಾಪಕನಾದ ಚಾವುಂಡರಾಯ ಗಂಗ ರಾಚಮಲ್ಲನ ಮಂತ್ರಿ, ಹತ್ತನೆಯ ಶತಮಾನದವನು. ಅವನ ಪುರಾಣವು 978ರಲ್ಲಿ ಮುಗಿದು, ಅದರಲ್ಲಿ ಈ ಮಹಾಮೂರ್ತಿಯ ಪ್ರಸ್ತಾಪವಿಲ್ಲದಿರುವುದರಿಂದ ಪ್ರತಿಷ್ಠೆ ಅದಕ್ಕೆ ಈಚಿನದೆಂದೂ, ಅವನ ಜೀವಿತಕ್ಕೆ ಒಳಗಿನದೆಂದೂ ವಿದ್ವಾಂಸರು ತರ್ಕಿಸಿದರು. 981 ಎಂದವರುಂಟು, 983 ಎಂದವರುಂಟು. ನಾಡು 981ನ್ನು ಸ್ವೀಕರಿಸಿ 1981ರಲ್ಲಿ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕವನ್ನು ನಡೆಸಿತು. ಎರಡು ದಿನಾಂಕಗಳ ಅಂತರ ಸಾವಿರವೆಂದು ತುಂಬಿ ಬರುವಾಗ ಅದರ ಒಂದು ತುದಿ ಎಷ್ಟು ಪರಿಶ್ರಮದಿಂದ ನೆಟ್ಟದ್ದೆಂಬುದನ್ನು ಸ್ಮರಿಸುವುದು ಆ ಪಂಡಿತರಿಗೆ ನಾವು ಸಲ್ಲಿಸಬೇಕಾದ ಋಣ.

ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಗಳಿಗೊಮ್ಮೆ ಎಂಬ ಜನಪ್ರತೀತಿಯನ್ನೂ ಹಾಳೆಯ ಮೇಲೆ ಇಟ್ಟು ನೋಡಬಹುದು. 1940, 1953, 1967, 1981, 1993, 2006, 2018: ಬರಿಯ ಇಸವಿಗಳನ್ನು ಕಳೆದರೆ 13, 14, 14, 12, 13, 12. ದಿನಾಂಕಗಳನ್ನೇ ಕೊಟ್ಟು ಕೇಳಿದರೆ ಉತ್ತರದ ಬಣ್ಣ ಬದಲಾಗುತ್ತದೆ. 1993ರ ಅಭಿಷೇಕ ಡಿಸೆಂಬರ್ 19ರಂದು, 2006ರದು ಫೆಬ್ರವರಿ 8ರಂದು. ಇಸವಿಯ ಲೆಕ್ಕಕ್ಕೆ ಹದಿಮೂರಾದ ಈ ಅಂತರ ನಿಜವಾಗಿ 12 ವರ್ಷ, 1 ತಿಂಗಳು, 20 ದಿನ. ಅದಕ್ಕೆ ಹಿಂದಿನದಾದರೋ, 1981ರ ಫೆಬ್ರವರಿ 22ರಿಂದ 1993ರ ಡಿಸೆಂಬರ್ 19ರವರೆಗೆ, ಇಸವಿಯ ಲೆಕ್ಕಕ್ಕೆ ಹನ್ನೆರಡಾದರೂ, 12 ವರ್ಷ 9 ತಿಂಗಳು 27 ದಿನಗಳಾಗಿ ಹದಿಮೂರರ ಹೊಸ್ತಿಲಿಗೆ ಬಂದಿದೆ. ಚಿಕ್ಕದು ಹದಿಮೂರೆಂದೂ ದೊಡ್ಡದು ಹನ್ನೆರಡೆಂದೂ ಇಸವಿಗಳು ನುಡಿದುವು. 2006ರಿಂದ 2018ರ ಫೆಬ್ರವರಿ 17ಕ್ಕೆ ಮಾತ್ರ 12 ವರ್ಷಗಳ ಮೇಲೆ ಒಂಬತ್ತೇ ದಿನ.

ವರ್ಷ, ತಿಂಗಳು, ದಿನವೆಂದು ಹೀಗೆ ಬಿಡಿಸಿ ಹೇಳುವುದಕ್ಕೆ ಡೇಟ್‌ಡಿಫ್ ಎಂಬ ಸೂತ್ರವಿದೆ. ಅರಕಲಗೂಡಿನ ಹೆಸರನ್ನು ತಮ್ಮ ಹೆಸರಿನ ಮೊದಲ ಅಕ್ಷರದಲ್ಲಿ ಹೊತ್ತು ಕನ್ನಡನಾಡಿನ ಮನೆಮನೆಯನ್ನು ತಲಪಿದ ಅ. ನ. ಕೃಷ್ಣರಾಯರು 1908ರ ಮೇ 9ರಂದು ಹುಟ್ಟಿ 1971ರ ಜುಲೈ 8ರಂದು ತೀರಿಕೊಂಡರು. ಸೂತ್ರವು 63 ವರ್ಷ, 1 ತಿಂಗಳು, 29 ದಿನ ಎನ್ನುತ್ತದೆ, ಸರಳ ವ್ಯವಕಲನವು 23,070 ದಿನಗಳೆನ್ನುತ್ತದೆ. ಹೇಮಾವತಿಯ ದಡದ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರಿಗೆ, 1904ರ ಜುಲೈ 4ರಿಂದ 1991ರ ಸೆಪ್ಟೆಂಬರ್ 28ರವರೆಗೆ, 87 ವರ್ಷ, 2 ತಿಂಗಳು, 24 ದಿನಗಳ ಆಯುಸ್ಸು. ದಿನವೆಂಬುದು ಎಲ್ಲೆಲ್ಲಿಯೂ ಒಂದೇ ಅಳತೆ, ತಿಂಗಳು ಹಾಗಲ್ಲ. ಜನವರಿ 31ರಿಂದ ಮಾರ್ಚ್ 1ಕ್ಕೆ ಒಂದು ತಿಂಗಳು ಕಳೆದು ಎಷ್ಟು ದಿನ ಉಳಿಯಿತೆಂದು ಕೇಳಿದರೆ ಪೂರ್ಣ ನಿಶ್ಚಯದಿಂದ ಉತ್ತರಿಸಬಲ್ಲವರು ಯಾರೂ ಇಲ್ಲ, ಏಕೆಂದರೆ ಫೆಬ್ರವರಿ 31 ಎಂಬ ಮೆಟ್ಟಿಲೇ ಇಲ್ಲ. ಇಂಥಲ್ಲಿ ಆ ಸೂತ್ರವು ಉಳಿದ ದಿನಗಳನ್ನು ಸೊನ್ನೆಗಿಂತ ಕಡಮೆಯೆಂದು ಹೇಳುವುದೂ ಉಂಟು. ಅದನ್ನು ರಚಿಸಿದ ಸಂಸ್ಥೆಯೇ ಎಚ್ಚರಿಕೆಯ ಮಾತನ್ನು ಬರೆದಿಟ್ಟಿದೆ. ಆದುದರಿಂದ ಹಣಕ್ಕೋ ಹಕ್ಕಿಗೋ ಸಂಬಂಧಿಸಿದ ಲೆಕ್ಕವನ್ನು ದಿನಗಳಲ್ಲಿಯೇ ಇಡುವುದು ಲೇಸೆಂದು ನನ್ನ ಅಭಿಪ್ರಾಯ.

ಹಕ್ಕಿನ ಮಾತು ಬಂದಿತಾಗಿ ನ್ಯಾಯಾಲಯದ ಎಣಿಕೆಯನ್ನು ಬಿಡುವಂತಿಲ್ಲ. ಹೊಳೆನರಸೀಪುರದ ನ್ಯಾಯಾಲಯದಲ್ಲಿ ಒಂದು ಡಿಕ್ರಿಯಾದರೆ, ಮೇಲ್ಮನವಿ ಉಚ್ಚ ನ್ಯಾಯಾಲಯಕ್ಕಾದಲ್ಲಿ 90 ದಿನ, ಬೇರೆ ನ್ಯಾಯಾಲಯಕ್ಕಾದಲ್ಲಿ 30 ದಿನ ಅವಕಾಶ. 1963ರ ಕಾಲಮಿತಿ ಅಧಿನಿಯಮದ 12ನೆಯ ಪ್ರಕರಣವು ಯಾವ ದಿನದಿಂದ ಅವಧಿ ಆರಂಭವಾಗತಕ್ಕದ್ದೋ ಆ ದಿನವನ್ನು ಬಿಟ್ಟು ಎಣಿಸೆಂದು ವಿಧಿಸಿದೆ. ಅಂದರೆ ಜೂನ್ 2ರ ಡಿಕ್ರಿಗೆ 30ನ್ನು ಕೂಡಿಸಿದರೆ ಹಾಳೆ ಹೇಳುವ ಜುಲೈ 2 ಕಾನೂನಿಗೂ ಕಡೆಯ ದಿನವೇ. ಇಲ್ಲಿ ಯಂತ್ರದ ರೂಢಿಯೂ ಶಾಸನಕಾರರ ರೂಢಿಯೂ ಏಕೀಭವಿಸುತ್ತವೆ. ಆದರೆ ಡಿಕ್ರಿಯ ನಕಲು ಪಡೆಯಲು ಹಿಡಿದ ಕಾಲವನ್ನು ಕಳೆಯಬೇಕು. ಕಡೆಯ ದಿನ ನ್ಯಾಯಾಲಯಕ್ಕೆ ರಜೆಯಾದರೆ ಮರಳಿ ತೆರೆದ ದಿನದವರೆಗೆ ಕಾಯಲು ಅವಕಾಶ ಉಂಟು. ಕೆಲಸದ ದಿನಗಳನ್ನು ಮಾತ್ರ ಎಣಿಸುವ ನೆಟ್‌ವರ್ಕ್‌ಡೇಸ್ ಎಂಬ ಸೂತ್ರವನ್ನು ಕೆಲವರು ಇದಕ್ಕೆ ಹೂಡುತ್ತಾರೆ. ಅವರಿಗೆ ಎರಡು ಮಾತು ತಿಳಿದಿರತಕ್ಕದ್ದು. ಆ ಸೂತ್ರ ಎಲ್ಲ ಶನಿವಾರಗಳನ್ನೂ ರಜೆಯೆನ್ನುತ್ತದೆ, ನಮ್ಮ ಸರ್ಕಾರಿ ಕಚೇರಿಗಳಿಗಾದರೋ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ಮಾತ್ರ ರಜೆ. ಇದಕ್ಕಿಂತಲೂ ಮುಖ್ಯವಾಗಿ, ಅದೇ ಯಂತ್ರದ ಸರಳ ವ್ಯವಕಲನವು ಒಂದು ತುದಿಯನ್ನು ಬಿಟ್ಟರೆ, ಈ ಸೂತ್ರವು ಎರಡು ತುದಿಗಳನ್ನೂ ಹಿಡಿಯುತ್ತದೆ. ಗತವೂ ವರ್ತಮಾನವೂ ಒಂದೇ ಪೆಟ್ಟಿಗೆಯೊಳಗೆ ವಾಸಿಸುತ್ತಿರುವುವು.

ಈ ಒಂದು ದಿನದ ಪ್ರಶ್ನೆ ಮನುಷ್ಯನ ಬಾಳನ್ನು ಎಷ್ಟರಮಟ್ಟಿಗೆ ಮುಟ್ಟುತ್ತದೆಂಬುದನ್ನು ಅರಿಯಬೇಕಾದರೆ ನಮ್ಮ ಹಳ್ಳಿಗಳ ಹಿರಿಯರ ಜನ್ಮದಿನಾಂಕಗಳನ್ನು ನೋಡಬೇಕು. ಮನೆಯಲ್ಲಿ ಹೆರಿಗೆಯಾಗಿ, ಜಾತಕವಿಲ್ಲದೆ, ಇಂಥ ಮಳೆಯಲ್ಲಿ ಹುಟ್ಟಿದನೆಂಬಷ್ಟೇ ನೆನಪಿನೊಡನೆ ತಂದೆಯ ಕೈಹಿಡಿದು ಶಾಲೆಗೆ ಬಂದ ಬಾಲಕನಿಗೆ ಮುಖ್ಯೋಪಾಧ್ಯಾಯರು, ಶಾಲೆಯ ವರ್ಷಾರಂಭಕ್ಕೆ ವಯಸ್ಸು ಸರಿಹೊಂದುವಂತೆ, ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಅದು ಅವರ ಕರುಣೆಯೆಂದೇ ನಾನು ತಿಳಿಯುತ್ತೇನೆ. ಆ ಒಂದು ತಾರೀಖು ಇಲ್ಲದಿದ್ದರೆ ಎಷ್ಟೋ ಮಕ್ಕಳು ಅಂಗಳದಿಂದಲೇ ಹಿಂದಿರುಗುತ್ತಿದ್ದರು. ಈಗ ನಿವೃತ್ತಿಯ ನಿಯಮವನ್ನು ನೋಡಿ. ಕರ್ನಾಟಕದ ಸರ್ಕಾರಿ ನೌಕರನು ಅರವತ್ತು ತುಂಬಿದ ತಿಂಗಳ ಕಡೆಯ ದಿನ ನಿವೃತ್ತನಾಗತಕ್ಕದ್ದು. ಹುಟ್ಟಿದ ದಿನವನ್ನೂ ಒಂದು ಪೂರ್ಣ ದಿನವೆಂದು ಎಣಿಸಿದರೆ, 1964ರ ಜೂನ್ 1ರಂದು ಹುಟ್ಟಿದವನಿಗೆ ಅರವತ್ತು ತುಂಬುವುದು 2024ರ ಮೇ 31ರ ಅಂತ್ಯಕ್ಕೆ. ಆದುದರಿಂದ ಅವನ ಸೇವೆ ಅಂದೇ ಸಮಾಪ್ತಿ. ಜೂನ್ 2 ಎಂದು ದಾಖಲಾದವನು ಜೂನ್ 30ರವರೆಗೆ ಇರುತ್ತಾನೆ. ಪ್ರತಿ ವರ್ಷ ಮೇ 31ರ ಸಂಜೆ ಕಚೇರಿಕಚೇರಿಗಳಲ್ಲಿ ಬೀಳ್ಕೊಡುಗೆಯ ಹಾರಗಳು ಒಟ್ಟಿಗೆ ಬೀಳುವುದರ ಮೂಲ ಆ ಹಳೆಯ ದಾಖಲಾತಿ ಪುಸ್ತಕಗಳಲ್ಲಿದೆ. ಹಾಳೆಯಲ್ಲಿ ಇದನ್ನು ಸರಿಯಾಗಿ ಪಡೆಯಬೇಕಾದರೆ ಜನ್ಮದಿನಾಂಕದಿಂದ ಒಂದನ್ನು ಕಳೆದು, 720 ತಿಂಗಳು ಮುಂದಕ್ಕೆ ನಡೆದು, ಆ ತಿಂಗಳ ಕೊನೆಯನ್ನು ಹಿಡಿಯಬೇಕು. ಆ ಒಂದನ್ನು ಕಳೆಯಲು ಮರೆತ ಪಟ್ಟಿಯು ಜೂನ್ 1ರ ಸಂತಾನಕ್ಕೆಲ್ಲ ಸುಳ್ಳು ಹೇಳುತ್ತದೆ. ಯಂತ್ರವು ಅಮೆರಿಕದ ಪದ್ಧತಿಯಲ್ಲಿ ತಿಂಗಳನ್ನು ಮೊದಲು ಓದುವಂತೆ ಹೊಂದಿಸಿದ್ದರೆ 1-6-1964 ಎಂಬುದು ಜನವರಿ 6 ಆಗಿಬಿಡುವುದನ್ನೂ ನೋಡಿಕೊಳ್ಳಬೇಕು.

ವರ್ಷವಿಡೀ ದುಡಿದು ಸೇವೆಯ ಕಡೆಯ ದಿನದಂದು ವಾರ್ಷಿಕ ವೇತನಬಡ್ತಿಯನ್ನು ಗಳಿಸಿದ ನೌಕರನಿಗೆ, ಬಡ್ತಿ ಸಲ್ಲುವುದು ಮರುದಿನದಿಂದ, ಮರುದಿನ ನೀನು ನೌಕರನಲ್ಲ ಎಂದು ಹೇಳಬಹುದೇ? ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದ ಪ್ರಕರಣದಲ್ಲಿ ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2023ರ ಏಪ್ರಿಲ್ 11ರಂದು ನ್ಯಾಯಾಲಯವು ನೌಕರರ ಪರವಾಗಿ ತೀರ್ಪಿತ್ತಿತು: ಬಡ್ತಿಯು ಕಳೆದ ವರ್ಷದ ಸೇವೆಗೆ ಸಂದ ಫಲ, ಅದು ಮರುದಿನಕ್ಕೆ ಕಾಯಬೇಕಾದ ದಾನವಲ್ಲ. ಗತಿಸಿದ ದಿನಗಳೇ ಹಕ್ಕನ್ನು ಕೊಡುವುವೆಂಬ ಈ ನಿರ್ಣಯ ನನಗೆ ಅತ್ಯಂತ ನ್ಯಾಯಸಮ್ಮತವಾಗಿ ಕಾಣುತ್ತದೆ.

ಕಡೆಯದಾಗಿ ಅರಕಲಗೂಡಿನ ಕಡೆಯ ಒಕ್ಕಲಿಗನ ಎಣಿಕೆ. ಮುಂಗಾರಿನಲ್ಲಿ ನೆಟ್ಟ ಆಲೂಗೆಡ್ಡೆ ಸುಮಾರು ತೊಂಬತ್ತು ದಿನದ ಬೆಳೆ. ಜೂನ್ 12ರಂದು ನೆಟ್ಟದ್ದಕ್ಕೆ ಓದಿದ ಮಗ ಹಾಳೆಯಲ್ಲಿ 90 ಕೂಡಿಸಿ ಸೆಪ್ಟೆಂಬರ್ 10 ಎನ್ನುತ್ತಾನೆ. ತಂದೆಯ ಲೆಕ್ಕದ ಮಾನ ಮಳೆನಕ್ಷತ್ರ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರುವರೆ ದಿನವೇ ಒಂದೊಂದು ಮಳೆ. ಮೃಗಶಿರದಲ್ಲಿ ನೆಟ್ಟದ್ದು, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಕಳೆದು ಹುಬ್ಬೆಯಲ್ಲಿ ಕೀಳುವುದು. ಏಳು ಮಳೆಯ ಬೆಳೆ ಎನ್ನುತ್ತಾನೆ ಅವನು. ಸೆಪ್ಟೆಂಬರ್ 10 ಹುಬ್ಬೆಯ ಒಳಗಿನ ದಿನವೇ. ಕಳೆಯುವ ಲೆಕ್ಕಕ್ಕೆ ಆರು ಮಳೆ. ಆದರೆ ನೆಟ್ಟ ಮಳೆಯನ್ನೂ ಕೀಳುವ ಮಳೆಯನ್ನೂ ಆ ನೆಲ ಕುಡಿದಿರುವಾಗ ಎರಡರಲ್ಲಿ ಯಾವುದನ್ನೂ ಅವನು ಬಿಡುವಂತಿಲ್ಲ. ಆಶ್ವಯುಜದಂತೆ ಈ ಮಳೆಯ ಲೆಕ್ಕ ಚಂದ್ರನನ್ನು ಅನುಸರಿಸಿ ಹಿಂದುಮುಂದಾಗುವುದಿಲ್ಲ. ಸೌರಮಾನದ್ದಾದುದರಿಂದ ಪ್ರತಿ ವರ್ಷವೂ ಹೆಚ್ಚುಕಡಮೆ ಅದೇ ತಾರೀಖುಗಳಲ್ಲಿ ಬರುತ್ತದೆ. ಇಪ್ಪತ್ತೇಳು ಮಳೆಗಳ ಆರಂಭದ ದಿನಗಳನ್ನು ಇಪ್ಪತ್ತೇಳು ಸಾಲುಗಳಲ್ಲಿ ಬರೆದಿಟ್ಟರೆ, ಯಾವ ದಿನಾಂಕವನ್ನು ಕೊಟ್ಟರೂ ಅದು ಯಾವ ಮಳೆಯೆಂದು ವಿಲುಕಪ್ ಸೂತ್ರವು ಹುಡುಕಿ ಹೇಳಬಲ್ಲುದು. ದಿನಗಳ ಕಂಬಸಾಲಿನ ಪಕ್ಕದಲ್ಲಿ ಮಳೆಯ ಹೆಸರಿನ ಕಂಬಸಾಲೊಂದನ್ನು ಇರಿಸಿದರೆ ತಂದೆಯೂ ಮಗನೂ ಒಂದೇ ಹಾಳೆಯನ್ನು ಓದಬಹುದು.